ಹೊಳಿ ನೀರು ಇಳಿದ ಮೇಲೆ ಮನೆಯ ಸಂಪ್ ತೊಳೆಯುವುದು

ವರದಾ, ಬೆಣ್ಣಿಹಳ್ಳದ ದಂಡೆಯವರೇ, ಮನೆಗೆ ನೀರು ಹೊಕ್ಕಿದ್ದರೆ ಸಂಪಿನ ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಬೇಡಿ. ಪಾಯಖಾನೆ ಗುಂಡಿಯ ಹೊಲಸು ಸೇರಿರುತ್ತದೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಅಲ್ಲಿಗೆ ಹೋಗಲು ಒಣ ನೆಲವಿಲ್ಲವೆಂದರೆ ಮುಟ್ಟಲೇಬೇಡಿ, ಹೆಸ್ಕಾಂ ಲೈನ್‌ಮನ್‌ಗೆ ಹೇಳಿ. ತೊಯ್ದ ಮೋಟರ್ ಹಾಗೇ ಚಾಲೂ ಮಾಡಿದರೆ ವೈಂಡಿಂಗ್ ಸುಡುತ್ತದೆ.

ಸಂಪ್ ಖಾಲಿ ಮಾಡಿ, ರಾಡಿ ತೆಗೆದು ಗೋಡೆ ತಿಕ್ಕಿ. ಆದಷ್ಟು ಮೇಲಿಂದಲೇ ಉದ್ದ ಬ್ರಷ್ ಬಳಸಿ. ಕೆಟ್ಟ ಗಾಳಿ ತುಂಬಿದ ಸಂಪಿನೊಳಗೆ ಇಳಿದವರು ಎಚ್ಚರ ತಪ್ಪುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಆಮೇಲೆ ಹೊಸ ನೀರು ತುಂಬಿಸಿ, 1000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ (33% ಕ್ಲೋರಿನ್) ಬಕೆಟ್‌ನಲ್ಲಿ ಕಲಸಿ, ಗಸಿ ಕೂತ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ಒಂದು ದಿನ ಬಿಟ್ಟು ಪೂರ್ತಿ ಚೆಲ್ಲಿ, ಈ ನೀರು ಕುಡಿಯಲು ಅಲ್ಲ. ಬಾಯಿ ತೆರೆದಿಟ್ಟ ಹಳೇ ಪೌಡರಿನಲ್ಲಿ ಶಕ್ತಿ ಉಳಿದಿರುವುದಿಲ್ಲ. ಆಸಿಡ್ ಮಾತ್ರ ಬೆರೆಸಬೇಡಿ, ವಿಷಾನಿಲ ಏಳುತ್ತದೆ.