ಪಾನಕ ಸುಲಭ, ಲೋಟದ್ದೇ ಕಷ್ಟ: ರಾಮನವಮಿಗೆ ನಮ್ಮ ಬೀದಿಯ ಅರವಟ್ಟಿಗೆ

ಯುಗಾದಿ ಮುಗಿದು ಬೀದಿಯ ಹೊಂಗೆ ಮರ ಹೊಸ ಎಲೆ ಬಿಟ್ಟರೆ ಸಾಕು, ನಮ್ಮ ಬೀದಿಯಲ್ಲಿ ಒಬ್ಬರಲ್ಲ ಒಬ್ಬರು ಕೇಳುತ್ತಾರೆ, 'ಈ ಸಲ ಪಾನಕ ಇದೆ ತಾನೆ?' ನಾವಿರುವುದು ಬೆಂಗಳೂರಿನ ಹನುಮಂತನಗರದಲ್ಲಿ. ಸಂಘವಿಲ್ಲ, ಅಧ್ಯಕ್ಷರಿಲ್ಲ, ಮೂವತ್ತು ಮನೆಗಳಿವೆ ಅಷ್ಟೇ. 2023ರಲ್ಲಿ ಸುಮ್ನೆ ಉಮೇದಿಗೆ ಶುರು ಮಾಡಿದ್ದು.

ಆ ಮೊದಲ ವರ್ಷ ಪಾನಕ ಚೆನ್ನಾಗಿಯೇ ಆಯಿತು. ಪ್ಲಾಸ್ಟಿಕ್ ಲೋಟ ರಾಜ್ಯದಲ್ಲಿ 2016ರಿಂದಲೇ ನಿಷೇಧ ಅಂತ ನಾವು ಜಾಣರ ಹಾಗೆ ಪೇಪರ್ ಲೋಟ ತಂದಿದ್ದೆವು. ಪೇಪರ್ ಅನ್ನೋದು ಹೆಸರಿಗೆ, ಒಳಗೆ ಅದಕ್ಕೂ ಪ್ಲಾಸ್ಟಿಕ್ ಪದರ ಇರುತ್ತದೆ. ಮುನ್ನೂರು ಲೋಟದಲ್ಲಿ ಅರ್ಧ ಮೋರಿಗೆ ಬಿತ್ತು. ಮಾರನೆಯ ದಿನ ಬೆಳಿಗ್ಗೆ ನಮ್ಮ ಬೀದಿ ಗುಡಿಸುವ ಅಕ್ಕ ಪೊರಕೆ ನೆಲಕ್ಕೆ ಊರಿ ನಿಂತು, 'ಪುಣ್ಯ ನಿಮಗೆ, ಕಸ ನನಗಾ ಸಾರ್?' ಅಂದರು. ಉತ್ತರ ಹೊಳೆಯಲಿಲ್ಲ. ಮೋರಿಗೆ ಕೈ ಹಾಕಿ ನಾವೇ ಎತ್ತಿದೆವು.

ಹಾಗಾಗಿ 2024ಕ್ಕೆ ಸ್ಟೀಲ್ ಲೋಟ ಅಂತ ತೀರ್ಮಾನವಾಯಿತು. ಚಿಕ್ಕಪೇಟೆಗೆ ಹೋಗಿ ಚೌಕಾಸಿ ಮಾಡಿ ನೂರು ಲೋಟ ತಂದೆವು. ತಂದ ಮೇಲೆ ತಲೆಗೆ ಹೊಳೆದದ್ದು, ಇವನ್ನು ತೊಳೆಯೋದು ಎಲ್ಲಿಂದ? ಆ ಬೇಸಿಗೆ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಬೋರ್‌ವೆಲ್ ಒಣಗಿದ್ದವು, ಟ್ಯಾಂಕರ್‌ಗೆ ಸಾಲು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಅಂಥ ಹೊತ್ತಲ್ಲಿ ನಾವು ರಸ್ತೆಯಲ್ಲಿ ಕೂತು ಲೋಟ ತೊಳೆದರೆ ಜನ ಬಿಡುತ್ತಾರಾ?

ದಾರಿ ತೋರಿಸಿದ್ದು ಎದುರು ಮನೆಯ ಅಜ್ಜಿ. 'ನಮ್ಮ ಕಾಲದಲ್ಲಿ ಎತ್ತಿ ಕುಡೀತಿದ್ವಿ ಕಣೋ, ಎಂಜಲೇ ಆಗ್ತಿರಲಿಲ್ಲ.' ಸರಿ, ಮೇಜಿನ ಮುಂದೆ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದೆವು: ಲೋಟ ಎತ್ತಿ ಕುಡಿಯಿರಿ. ದೊಡ್ಡವರು ಕುಡಿದರು, ಹುಡುಗರು ಅಂಗಿ ತುಂಬ ಚೆಲ್ಲಿಕೊಂಡರು. ಬೀದಿಯವರು ಮನೆಯಿಂದಲೇ ಲೋಟ ತಂದರು. ಊಟ ತಲುಪಿಸುವ ಹುಡುಗರಂತೂ ಗಾಡಿ ನಿಲ್ಲಿಸಿ, ಖಾಲಿ ಬಾಟಲಿ ಚಾಚಿ ಮಜ್ಜಿಗೆ ತುಂಬಿಸಿಕೊಂಡರು. ಅವರಿಗೆ ನಿಂತು ಕುಡಿಯಲೂ ಪುರುಸೊತ್ತಿಲ್ಲ, ಅಲ್ವಾ? ಮುಂದಿನ ವರ್ಷದಿಂದ ಬಾಟಲಿಗೆ ಸುರಿಯಲು ಒಂದು ಆಲಿಕೆಯೂ ಇಟ್ಟುಕೊಂಡೆವು.

ಉಳಿದ ಲೋಟಗಳಿಗೆ ಮೂರು ಟಬ್. ಎರಡರಲ್ಲಿ ತಣ್ಣೀರು, ಮೂರನೆಯದರಲ್ಲಿ ಕುದಿಯುವ ನೀರು. ಸೋಪು ಹಾಕಲಿಲ್ಲ, ಹಾಗಾಗಿ ತೊಳೆದ ನೀರು ನೇರ ಹೊಂಗೆ ಮರದ ಬುಡಕ್ಕೆ ಹೋಯಿತು. ಸುಮಾರು ನೂರು ಲೀಟರ್ ಖರ್ಚಾಯಿತು. ಕುದಿ ನೀರಿನ ಟಬ್ಬಿಗೆ ಮಕ್ಕಳನ್ನು ಬಿಡಬೇಡಿ, ಇಕ್ಕಳ ಹಿಡಿದು ದೊಡ್ಡವರೇ ಒಬ್ಬರು ಕೂರಬೇಕು.

ಇನ್ನು ಅಳತೆ. ನಲವತ್ತು ಲೀಟರ್ ಪಾನಕಕ್ಕೆ ಐದು ಕೆಜಿ ಬೆಲ್ಲ, ಅರವತ್ತು ನಿಂಬೆಹಣ್ಣು, ಏಲಕ್ಕಿ ಮತ್ತು ಒಣಶುಂಠಿ ಪುಡಿ ತಲಾ ಐವತ್ತು ಗ್ರಾಂ, ಒಂದು ಹಿಡಿ ಕಾಳುಮೆಣಸು, ಚಿಟಿಕೆ ಉಪ್ಪು. ಲೋಟದ ಮುಕ್ಕಾಲು ಹಾಕಿದರೆ ಇನ್ನೂರೈವತ್ತು ಜನಕ್ಕೆ ಬರುತ್ತದೆ. ಬೆಲ್ಲ ಕಪ್ಪಗಿದ್ದಷ್ಟೂ ಒಳ್ಳೆಯದು, ಹೊಳೆಯುವ ಹಳದಿ ಬೆಲ್ಲ ಬೇಡ. ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೆಯ ಪಂಚೆಯಲ್ಲಿ ಸೋಸಿ. ಎಷ್ಟು ಒಳ್ಳೆ ಬೆಲ್ಲ ತಂದರೂ ತಳದಲ್ಲಿ ಮರಳು, ಕಬ್ಬಿನ ಸಿಪ್ಪೆ ಇದ್ದೇ ಇರುತ್ತದೆ. ನಿಂಬೆರಸ ಮಾತ್ರ ಹಂಚುವ ಮುಂಚೆ ಹಾಕಿ. ಬೇಗ ಹಾಕಿದರೆ ಕಹಿ ತಿರುಗುತ್ತದೆ.

ಮಜ್ಜಿಗೆಗೆ ಹನ್ನೆರಡು ಲೀಟರ್ ಮೊಸರು, ಅದರ ಮೂರರಷ್ಟು ನೀರು. ಕುಡಿಯುವುದಕ್ಕೆಲ್ಲ ಇಪ್ಪತ್ತು ಲೀಟರಿನ ನಾಲ್ಕು ಕ್ಯಾನ್ ಸಾಕಾಯಿತು. ಬೀದಿ ಐಸ್ ಹಾಕಬೇಡಿ, ಅದು ಯಾವ ನೀರೋ ಏನೋ. ಪಾತ್ರೆಗೆ ಒದ್ದೆ ಗೋಣಿಚೀಲ ಸುತ್ತಿ ನೆರಳಲ್ಲಿಟ್ಟರೆ ತಕ್ಕಮಟ್ಟಿಗೆ ತಂಪಾಗುತ್ತದೆ. ಮೊದಲ ವರ್ಷ ಮಣ್ಣಿನ ಮಡಕೆಯಲ್ಲಿ ಪಾನಕ ತುಂಬಿಸಿ ದೊಡ್ಡ ಪೆಟ್ಟು ತಿಂದೆವು. ಮಡಕೆ ಬೆಲ್ಲ ಹೀರಿಕೊಂಡು ವಾರವಿಡೀ ಹುಳಿ ವಾಸನೆ, ಮನೆ ತುಂಬ ಇರುವೆ.

ಕೋಸಂಬರಿಯಲ್ಲಿ ನಾನೇ ಕೆಡಿಸಿದ್ದೆ. ನಾಲ್ಕು ಕೆಜಿ ಹೆಸರುಬೇಳೆ ಎರಡು ಗಂಟೆ ನೆನೆಸಿ, ಸೌತೆಕಾಯಿ, ಮಾವಿನಕಾಯಿ, ತೆಂಗಿನತುರಿ ಎಲ್ಲ ಕಲೆಸಿ, ಇನ್ನೊಂದು ಕೆಲಸ ಮುಗಿಯಿತು ಅಂತ ಒಂಬತ್ತು ಗಂಟೆಗೇ ಉಪ್ಪನ್ನೂ ಹಾಕಿಬಿಟ್ಟೆ. ಹಂಚುವುದು ಹನ್ನೆರಡಕ್ಕೆ. ಅಜ್ಜಿ ಬಂದು ಪಾತ್ರೆಗೆ ಬೆರಳಿಟ್ಟು, 'ಏನೋ ಇದು, ಸಾರು ಮಾಡಿದ್ಯಾ?' ಅಂದರು. ಸೌತೆಕಾಯಿ ನೀರು ಬಿಟ್ಟು ಬೇಳೆ ತೇಲುತ್ತಿತ್ತು. ಬಸಿದು, ಮತ್ತೊಂದಿಷ್ಟು ಬೇಳೆ ಸೇರಿಸಿ ಹೇಗೋ ಸುಧಾರಿಸಿದೆವು. ಈಗ ಕೋಸಂಬರಿಯನ್ನು ಒಂದೊಂದು ಬೇಸಿನ್ ಅಷ್ಟೇ ತೆಗೆದು, ಅಷ್ಟಕ್ಕೇ ಉಪ್ಪು, ನಿಂಬೆ, ಇಂಗಿನ ಒಗ್ಗರಣೆ ಹಾಕುತ್ತೇವೆ. ಹಂಚುವುದು ಪುಟ್ಟ ಮುತ್ತುಗದ ದೊನ್ನೆಯಲ್ಲಿ. ಖಾಲಿ ದೊನ್ನೆಗಳನ್ನು ಬೀದಿ ಹಸು ಬುಟ್ಟಿಯಿಂದಲೇ ಎಳೆದು ತಿಂದಿತು.

ದುಡ್ಡಿನ ವಿಷಯ ಚಿಕ್ಕದು. ಮನೆಗೆ 200 ರೂಪಾಯಿ, ಕೊಡದವರನ್ನು ಕೇಳುವುದಿಲ್ಲ. 2024ರಲ್ಲಿ ಒಬ್ಬರು ತಾವೇ ಬಂದು, ಪೂರ್ತಿ ಖರ್ಚು ನಮ್ಮದು, ನಮ್ಮ ನಾಯಕರ ಫ್ಲೆಕ್ಸ್ ಒಂದು ಹಾಕಿ ಸಾಕು ಅಂದರು. ಲೋಕಸಭೆ ಚುನಾವಣೆ ಹತ್ತಿರ ಇತ್ತು. 'ನೀತಿಸಂಹಿತೆ ಇದೆ ಸ್ವಾಮಿ' ಅಂತ ಕೈಮುಗಿದು ಕಳಿಸಿದೆವು, ಎಷ್ಟು ಅನುಕೂಲದ ಮಾತು! 2025ರಲ್ಲಿ ಚುನಾವಣೆಯಿಲ್ಲ, ನೆಪವೂ ಇಲ್ಲ. ಬೇಡ ಅಂತ ನೇರವಾಗಿಯೇ ಹೇಳಬೇಕಾಯಿತು, ಆಮೇಲೆ ಸ್ವಲ್ಪ ದಿನ ಅವರು ಮುಖ ಕೊಟ್ಟು ಮಾತಾಡಲಿಲ್ಲ.

ದಿನ ಯಾವುದು ಅಂತಲೂ ನೋಡಬೇಕು. 2024ರ ಏಪ್ರಿಲ್ 17 ಬುಧವಾರ, ಓಡಾಡುವವರು ಜಾಸ್ತಿ, ಒಂದೂವರೆಗೆ ಪಾತ್ರೆ ಬರಿದು. 2025ರ ಏಪ್ರಿಲ್ 6 ಭಾನುವಾರ, ಇನ್ನೂ ಜನ ಬರುತ್ತಾರೆ ಅಂತ ಅರವತ್ತು ಲೀಟರ್ ಮಾಡಿದೆವು. ರಸ್ತೆಯೇ ಖಾಲಿ. ಮೂರು ಗಂಟೆಗೂ ಹದಿನೈದು ಲೀಟರ್ ಹಾಗೇ ಇತ್ತು. ಪಾನಕ ಸಂಜೆಗೆ ಹುಳಿಯುತ್ತದೆ, ಇಟ್ಟುಕೊಳ್ಳುವ ಹಾಗಿಲ್ಲ. ಕ್ಯಾನಿಗೆ ತುಂಬಿ ಆಟೋ ಸ್ಟ್ಯಾಂಡಿಗೆ ಒಯ್ದರೆ ಅಲ್ಲಿ ಆಗಲೇ ಎರಡು ಬೀದಿಯವರ ಪಾನಕ ಬಂದಿತ್ತು. 'ಸಾರ್, ಮಜ್ಜಿಗೆ ಇದ್ರೆ ಕೊಡಿ' ಅಂದರು. ಮಜ್ಜಿಗೆ ಮುಗಿದಿತ್ತು. ಅಂದಿನಿಂದ ಪಾನಕ ಮೂವತ್ತು ಲೀಟರ್, ಮಜ್ಜಿಗೆ ಅರವತ್ತು ಅಂತ ಗೋಡೆ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೇನೆ.

ಲೋಟಗಳು ಗೋಣಿಚೀಲದಲ್ಲಿ ನಮ್ಮ ಮನೆ ಅಟ್ಟದ ಮೇಲಿವೆ. ನಾಮಕರಣ, ತಿಥಿ ಅಂತ ಬೀದಿಯವರು ಕೇಳಿಕೊಂಡು ಬರುತ್ತಾರೆ. ಎಣಿಸಿ ಕೊಡುತ್ತೇನೆ, ಎಣಿಸಿ ತಗೊಳ್ಳುತ್ತೇನೆ. ಸದ್ಯಕ್ಕೆ ತೊಂಬತ್ಮೂರು ಇವೆ.