ರೋಗಿಗಳು ಮತ್ತು ಚಿಕಿತ್ಸಾ ಸಿಬ್ಬಂದಿಯ ಸಂವಹನಕ್ಕೆ ಮೊಬೈಲ್ ಆ್ಯಪ್: ವಿನ್ಯಾಸ ಮಾಡುವ ಬಗೆ

ರೋಗಿಗಳು ವೈದ್ಯರಿಗೆ ಮತ್ತು ನರ್ಸ್‌ಗಳಿಗೆ ಸಂದೇಶ ಕಳುಹಿಸಲು ಆ್ಯಪ್ ಒಂದನ್ನು ರೂಪಿಸಹೊರಟವರು ಸಾಮಾನ್ಯವಾಗಿ ಮೊದಲು ಪರದೆಯ ಚಿತ್ರಗಳನ್ನು ಬರೆಯಲು ಕುಳಿತುಕೊಳ್ಳುತ್ತಾರೆ. ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು, ಬಂದ ಸಂದೇಶವನ್ನು ಯಾರು ಓದುತ್ತಾರೆ, ಎಷ್ಟು ಹೊತ್ತಿನೊಳಗೆ ಓದುತ್ತಾರೆ, ಅವರು ಓದದಿದ್ದರೆ ಅದು ಯಾರ ಬಳಿಗೆ ಹೋಗುತ್ತದೆ ಎಂಬುದು. ಇವುಗಳಿಗೆ ಲಿಖಿತ ಉತ್ತರ ಸಿಗುವವರೆಗೆ ಪರದೆಯ ಬಣ್ಣ, ಗುಂಡಿಗಳ ಚರ್ಚೆಯನ್ನು ಮುಂದೂಡುವುದೇ ಲೇಸು, ಏಕೆಂದರೆ ಉತ್ತರಿಸುವವರು ಗೊತ್ತಿಲ್ಲದ ಆ್ಯಪ್ ರೋಗಿಯಲ್ಲಿ ಹುಸಿ ಭರವಸೆ ಹುಟ್ಟಿಸುತ್ತದೆ.

ಸಂದೇಶಗಳನ್ನು ಒಬ್ಬ ವ್ಯಕ್ತಿಯ ಹೆಸರಿಗೆ ಕಳುಹಿಸುವ ಬದಲು ಹೊಣೆಯ ಹೆಸರಿಗೆ ಕಳುಹಿಸುವಂತೆ ಮಾಡಿ. ನರ್ಸ್ ಒಬ್ಬರು ಪಾಳಿ ಮುಗಿಸಿ ಮನೆಗೆ ಹೋದ ಮೇಲೂ ಅವರ ಫೋನಿನಲ್ಲಿ ಪ್ರಶ್ನೆಗಳು ಬಂದು ಬೀಳುತ್ತಿದ್ದರೆ ಅವರಿಗೂ ನೆಮ್ಮದಿಯಿಲ್ಲ, ರೋಗಿಗೂ ಉತ್ತರವಿಲ್ಲ. ಆ ವಿಭಾಗದಲ್ಲಿ ಈಗ ಕರ್ತವ್ಯದಲ್ಲಿರುವವರೆಲ್ಲರಿಗೂ ಕಾಣುವ ಸಾಮಾನ್ಯ ಪೆಟ್ಟಿಗೆಗೆ ಸಂದೇಶ ಬರಬೇಕು. ಅದನ್ನು ಒಬ್ಬರು ಕೈಗೆತ್ತಿಕೊಂಡಾಗ ಅವರ ಹೆಸರು ಉಳಿದವರಿಗೆ ಕಾಣಬೇಕು. ಪಾಳಿ ಬದಲಾಗುವಾಗ ಉತ್ತರವಿಲ್ಲದೆ ಉಳಿದವುಗಳ ಪಟ್ಟಿ ಮುಂದಿನವರಿಗೆ ತಾನಾಗಿಯೇ ವರ್ಗವಾಗಬೇಕು. ನಿಗದಿತ ಅವಧಿ ಮೀರಿದ ಸಂದೇಶ ಮೇಲಿನವರಿಗೆ ತಲುಪುವ ವ್ಯವಸ್ಥೆಯೂ ಬೇಕು.

ತುರ್ತು ಸಂಗತಿಗಳನ್ನು ಸಾಮಾನ್ಯ ಸಂದೇಶಗಳ ಸಾಲಿನಲ್ಲಿ ನಿಲ್ಲಿಸಬೇಡಿ. ಎದೆನೋವು, ಉಸಿರಾಟದ ತೊಂದರೆ, ನಿಲ್ಲದ ರಕ್ತಸ್ರಾವದಂತಹ ಲಕ್ಷಣಗಳನ್ನು ರೋಗಿ ಆರಿಸಿದ ಕೂಡಲೇ, ಬರೆಯುವ ಜಾಗಕ್ಕೆ ಬದಲಾಗಿ ತುರ್ತು ಸೇವೆಗೆ ನೇರವಾಗಿ ಕರೆ ಮಾಡುವ ಗುಂಡಿ ಪರದೆಯಲ್ಲಿ ಕಾಣಿಸಬೇಕು. ಉಳಿದ ವಿಷಯಗಳಿಗೆ ಔಷಧ, ಭೇಟಿಯ ಸಮಯ, ಪರೀಕ್ಷೆಯ ವರದಿ, ಹೊಸ ಲಕ್ಷಣ ಎಂಬ ನಾಲ್ಕೈದು ವಿಭಾಗಗಳು ಸಾಕು. ಇಪ್ಪತ್ತು ವಿಭಾಗಗಳಿದ್ದರೆ ರೋಗಿಗಳು ‘ಇತರೆ’ಯನ್ನೇ ಒತ್ತುತ್ತಾರೆ. ಪದಗಳನ್ನು ಹುಡುಕಿ ಅಪಾಯ ಗುರುತಿಸುವ ತಂತ್ರಾಂಶವನ್ನು ಸೇರಿಸಬಹುದು, ಆದರೆ ಅದೊಂದನ್ನೇ ನಂಬಬಾರದು: ‘ಎದೆ ಹಿಡಿದಂತಾಗುತ್ತಿದೆ’ ಎಂದು ಬರೆಯುವವರು ‘ನೋವು’ ಎಂಬ ಪದವನ್ನೇ ಬಳಸದಿರಬಹುದು.

ಅಂಕಿಗಳನ್ನು ಬರೆಸಿಕೊಳ್ಳುವ ಕಡೆ ವಿಶೇಷ ಎಚ್ಚರ ಬೇಕು. ರಕ್ತದ ಸಕ್ಕರೆಯನ್ನು ಕೆಲವು ದೇಶಗಳಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂಗಳಲ್ಲಿ, ಮತ್ತೆ ಕೆಲವೆಡೆ ಲೀಟರಿಗೆ ಮಿಲಿಮೋಲ್‌ಗಳಲ್ಲಿ ಅಳೆಯುತ್ತಾರೆ. ಎರಡರ ನಡುವೆ ಸುಮಾರು 18 ಪಟ್ಟು ಅಂತರವಿದೆ. ಆದ್ದರಿಂದ ಅಳತೆಯ ಮಾನವು ಅಂಕಿಯ ಪಕ್ಕದಲ್ಲಿಯೇ ಅಚ್ಚಾಗಿರಬೇಕು, ಅಸಂಭವವಾದ ಅಂಕಿ ಬಂದರೆ ‘ಇದು ಸರಿಯೇ?’ ಎಂದು ಆ್ಯಪ್ ಮರಳಿ ಕೇಳಬೇಕು. ಅಳತೆ ಮಾಡಿದ ಸಮಯ ಮತ್ತು ಕಳುಹಿಸಿದ ಸಮಯ ಎರಡನ್ನೂ ದಾಖಲಿಸಬೇಕು, ಏಕೆಂದರೆ ನೆಟ್‌ವರ್ಕ್ ಇಲ್ಲದೆ ಬೆಳಿಗ್ಗೆ ಬರೆದಿಟ್ಟ ಅಂಕಿಯು ಸಂಜೆ ತಲುಪಿದಾಗ ಅದನ್ನು ಆಗಿನ ಸ್ಥಿತಿಯೆಂದು ಭಾವಿಸುವ ಅಪಾಯವಿದೆ. ಇನ್ನೂ ಹೋಗದ ಸಂದೇಶವು ಹೋಗಿಲ್ಲವೆಂದು ರೋಗಿಗೆ ಸ್ಪಷ್ಟವಾಗಿ ತಿಳಿಯಬೇಕು.

ನೋಟಿಫಿಕೇಷನ್‌ಗಳ ವಿಷಯದಲ್ಲಿ ಜಿಪುಣತನವೇ ಒಳ್ಳೆಯದು. ಅನಗತ್ಯ ಸದ್ದುಗಳು ಹೆಚ್ಚಿದಂತೆ ಸಿಬ್ಬಂದಿ ಮುಖ್ಯವಾದವುಗಳನ್ನೂ ಕಡೆಗಣಿಸತೊಡಗುತ್ತಾರೆ. ಆಸ್ಪತ್ರೆಗಳ ಮಾನಿಟರ್‌ಗಳಲ್ಲಿ ಕಂಡುಬಂದ ಈ ‘ಅಲಾರಂ ದಣಿವು’ ಫೋನಿನಲ್ಲಿಯೂ ಬಾರದೆ ಇರದು. ಫೋನಿನ ನೋಟಿಫಿಕೇಷನ್ ತಲುಪಿಯೇ ತಲುಪುತ್ತದೆಂಬ ಖಾತರಿಯಿಲ್ಲದ ಕಾರಣ, ಪ್ರಾಣಕ್ಕೆ ಸಂಬಂಧಿಸಿದ ಯಾವುದನ್ನೂ ಅದೊಂದರ ಮೇಲೆಯೇ ಬಿಡುವಂತಿಲ್ಲ.

ಗೋಪ್ಯತೆ ಎಂದರೆ ಗೂಢಲಿಪೀಕರಣ (ಬೇರೆಯವರು ಓದಲಾಗದಂತೆ ಸಂದೇಶವನ್ನು ಸಂಕೇತಗಳಾಗಿಸುವುದು) ಮಾತ್ರವೆಂದು ತಂತ್ರಜ್ಞರು ಭಾವಿಸುವುದುಂಟು. ಅದು ಬೇಕೇ ಬೇಕು. ಆದರೆ ಲಾಕ್ ಆದ ಪರದೆಯ ಮೇಲೆ ‘ನಿಮ್ಮ ಎಚ್‌ಐವಿ ವರದಿ ಬಂದಿದೆ’ ಎಂದು ಮೂಡಿದರೆ ಆ ಭದ್ರತೆಯೆಲ್ಲ ವ್ಯರ್ಥ. ಅಲ್ಲಿ ‘ಹೊಸ ಸಂದೇಶವಿದೆ’ ಎಂದಷ್ಟೇ ಕಾಣಲಿ. ಗಾಯದ ಫೋಟೊಗಳು ಫೋನಿನ ಗ್ಯಾಲರಿಯಲ್ಲಿ ಉಳಿಯದಿರಲಿ. ವೃದ್ಧ ತಾಯಿಯ ಪರವಾಗಿ ಮಗಳು ಬರೆಯುವಾಗ ತಾಯಿಯ ಪಾಸ್‌ವರ್ಡ್ ಬಳಸದೆ, ತಾಯಿಯ ಒಪ್ಪಿಗೆಯಿಂದ ಪಡೆದ ಪ್ರತ್ಯೇಕ ಪ್ರವೇಶದ ಮೂಲಕ ಬರೆಯುವಂತಿದ್ದರೆ, ಬರೆದವರು ಯಾರೆಂಬುದು ಸಿಬ್ಬಂದಿಗೆ ತಿಳಿಯುತ್ತದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ನಿಯಮಾವಳಿಯು ಆರೋಗ್ಯ ಮಾಹಿತಿಯನ್ನು ವಿಶೇಷ ರಕ್ಷಣೆಯ ವರ್ಗಕ್ಕೆ ಸೇರಿಸಿದೆ. ಆ್ಯಪ್ ಬಳಕೆಯಾಗುವ ದೇಶದ ಕಾನೂನನ್ನು ಮೊದಲೇ ಓದಿಕೊಳ್ಳಬೇಕು.

ದೃಷ್ಟಿ ಮಂದವಾದವರೂ ಓದುವಂತೆ, ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ನಡುವೆ ಕನಿಷ್ಠ 4.5:1 ವ್ಯತ್ಯಾಸವಿರಬೇಕೆಂದು, ವೆಬ್ ಎಲ್ಲರಿಗೂ ಬಳಸಲು ಸಿಗಲೆಂದು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ (ಮಧ್ಯಮ) ಮಟ್ಟ ಹೇಳುತ್ತದೆ. ನಡುಗುವ ಬೆರಳುಗಳಿಗೆ ದೊಡ್ಡ ಗುಂಡಿಗಳೂ ಬೇಕು.

ಸಂಭಾಷಣೆಯು ರೋಗಿಯ ವೈದ್ಯಕೀಯ ದಾಖಲೆಗೆ ಸೇರದಿದ್ದರೆ ಸಿಬ್ಬಂದಿ ಒಂದೇ ವಿಷಯವನ್ನು ಎರಡು ಕಡೆ ಟೈಪ್ ಮಾಡಬೇಕಾಗುತ್ತದೆ, ಕೆಲವೇ ವಾರಗಳಲ್ಲಿ ಆ್ಯಪನ್ನು ತೆರೆಯುವುದನ್ನೇ ನಿಲ್ಲಿಸುತ್ತಾರೆ. ಆರೋಗ್ಯ ಮಾಹಿತಿಯ ವಿನಿಮಯಕ್ಕೆಂದು ಎಚ್‌ಎಲ್7 ಸಂಸ್ಥೆ ರೂಪಿಸಿದ ಫೈರ್ (FHIR) ಎಂಬ ಮಾನದಂಡದಲ್ಲಿ ಇಂತಹ ಸಂದೇಶಗಳಿಗೂ ನಿಗದಿತ ರೂಪವಿರುವುದರಿಂದ, ಹೊಸದೊಂದನ್ನು ಕಟ್ಟುವ ಮೊದಲು ಅದನ್ನು ನೋಡಿ.

ಆ್ಯಪಿನ ಪರೀಕ್ಷೆಯನ್ನು ಸಭಾಂಗಣದಲ್ಲಿ ನಡೆಸದೆ ಪಾಳಿಯ ಗದ್ದಲದಲ್ಲಿಯೇ, ಆಸ್ಪತ್ರೆಯ ಒಂದು ವಿಭಾಗದಲ್ಲಿ ಮಾತ್ರ ಆರಂಭಿಸಿ. ಡೌನ್‌ಲೋಡ್‌ಗಳ ಸಂಖ್ಯೆಯನ್ನು ಎಣಿಸುವ ಬದಲು ಮೊದಲ ಉತ್ತರಕ್ಕೆ ತಗುಲಿದ ಸಮಯವನ್ನು, ಉತ್ತರವೇ ಸಿಗದ ಸಂದೇಶಗಳನ್ನು ಪ್ರತಿ ವಾರ ನೋಡಿ. ಉತ್ತರ ಸಿಗದವು ಹೆಚ್ಚುತ್ತಿದ್ದರೆ ಎರಡನೆಯ ವಿಭಾಗಕ್ಕೆ ವಿಸ್ತರಿಸುವುದನ್ನು ತಡೆದು, ಕರ್ತವ್ಯದ ಪಟ್ಟಿಯನ್ನು ಮೊದಲು ಸರಿಪಡಿಸಿ.