ಮಾರ್ಚ್ 8ರ ಹಲಗೆ: ‘ದಿನದ ವಿಶೇಷ’ವನ್ನು ಸಿದ್ಧಪಡಿಸುವ ಬಗೆ

ಅನೇಕ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆ ಮುಗಿದೊಡನೆ ಒಬ್ಬರು ಪಂಚಾಂಗ ಓದುತ್ತಾರೆ, ಒಬ್ಬರು ವಾರ್ತೆ ಓದುತ್ತಾರೆ, ಮತ್ತೊಬ್ಬರ ಪಾಲಿಗೆ ‘ದಿನದ ವಿಶೇಷ’ ಬರುತ್ತದೆ. ಹಳ್ಳಿಯ ಗ್ರಂಥಾಲಯದ ಬಾಗಿಲ ಪಕ್ಕದ ಕಪ್ಪುಹಲಗೆಯಲ್ಲೂ ಕೆಲವೆಡೆ ಇದೇ ಶೀರ್ಷಿಕೆ ಕಾಣಸಿಗುತ್ತದೆ. ಹಿಂದಿನ ರಾತ್ರಿ ಮೊಬೈಲಿನಲ್ಲಿ ಸಿಕ್ಕಿದ ಹತ್ತು ಸಾಲುಗಳನ್ನು ಹಾಗೆಯೇ ಇಳಿಸಿಕೊಂಡರೆ ಈ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ಕೇಳಿದ ಮಕ್ಕಳು ತರಗತಿಯ ಹೊಸ್ತಿಲು ದಾಟುವಷ್ಟರಲ್ಲಿ ಅದನ್ನು ಮರೆತೂ ಬಿಡುತ್ತಾರೆ. ಒಂದು ದಿನಾಂಕದ ಮೇಲೆ ಎರಡು ಸಂಜೆ ಕುಳಿತು, ನಾಲ್ಕೈದು ಸಾಲುಗಳನ್ನು ಮಾತ್ರ, ಆದರೆ ಪ್ರತಿಯೊಂದನ್ನೂ ಒರೆಗೆ ಹಚ್ಚಿ ಬರೆದರೆ ಫಲ ಬೇರೆಯೇ ಆಗಿರುತ್ತದೆ. ಅದನ್ನು ಮಾಡುವ ಕ್ರಮವನ್ನು ಇಲ್ಲಿ ಮಾರ್ಚ್ 8ನ್ನು ಮುಂದಿಟ್ಟುಕೊಂಡು ವಿವರಿಸಲಾಗಿದೆ. ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಇಷ್ಟು ಸಮೃದ್ಧವಾದ, ಇಷ್ಟೇ ತೊಡಕಿನ ದಿನಾಂಕಗಳು ಕಡಿಮೆ.

ನೋಟ್‌ಬುಕ್ ಮತ್ತು ನಮ್ಮ ತಾಲ್ಲೂಕು

ಮೊದಲು ಒಂದು ದಪ್ಪ ನೋಟ್‌ಬುಕ್ ತಂದು ದಿನಕ್ಕೊಂದು ಪುಟದಂತೆ 366 ಪುಟಗಳಿಗೆ ದಿನಾಂಕ ಬರೆದಿಡಬೇಕು. ಫೆಬ್ರವರಿ 29ಕ್ಕೂ ಪುಟ ಬೇಕೇ ಎಂದು ಕೇಳುವವರಿಗೆ, ಮೊರಾರ್ಜಿ ದೇಸಾಯಿ ಅವರು 1896ರ ಆ ದಿನವೇ ಹುಟ್ಟಿದರು ಎಂಬ ಉತ್ತರ ಸಾಕು. ಪ್ರತಿ ಪುಟವನ್ನೂ ಊರಿನಿಂದ ತುಂಬಲು ಆರಂಭಿಸುವುದು ಒಳ್ಳೆಯದು: ಮೊದಲು ತಾಲ್ಲೂಕು ಮತ್ತು ಜಿಲ್ಲೆ, ಆಮೇಲೆ ನಾಡು ಮತ್ತು ದೇಶ, ಕೊನೆಯಲ್ಲಿ ಉಳಿದ ಜಗತ್ತು. ಮೊಬೈಲಿನಲ್ಲಿ ಸಿಗುವ ಪಟ್ಟಿಗಳು ಸಾಮಾನ್ಯವಾಗಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ. ಅವು ಲಂಡನ್ನಿನಿಂದ ಹೊರಟು ದೆಹಲಿಯವರೆಗೆ ಬಂದು ನಿಂತುಬಿಡುತ್ತವೆ, ಆಗುಂಬೆ ಘಟ್ಟ ಹತ್ತುವುದೇ ಇಲ್ಲ.

ಊರಿನಿಂದ ಹೊರಟರೆ ಮಾರ್ಚ್ 8ರಂದು ಎರಡು ದೊಡ್ಡ ಸಾಲುಗಳು ಸಿಗುತ್ತವೆ. ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯಲ್ಲಿ ಪಿ. ಲಂಕೇಶ್ ಹುಟ್ಟಿದ್ದು 1935ರ ಈ ದಿನ. 1980ರಲ್ಲಿ ತಮ್ಮ ಹೆಸರಿನ ವಾರಪತ್ರಿಕೆಯನ್ನು ಆರಂಭಿಸಿ ಕನ್ನಡ ಪತ್ರಿಕೋದ್ಯಮದ ದನಿಯನ್ನೇ ಬದಲಿಸಿದ ಅವರು ತೀರಿಕೊಂಡದ್ದು 2000ನೇ ಇಸವಿಯ ಜನವರಿ 25ರಂದು. ಹೀಗಾಗಿ ಅವರ ಹೆಸರು ನೋಟ್‌ಬುಕ್ಕಿನ ಎರಡು ಪುಟಗಳಲ್ಲಿ ಬರಬೇಕು.

ಎರಡನೆಯದು ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಸೇರಿದ್ದು. 1942ರ ಚಲೇಜಾವ್ ಚಳವಳಿಯ ಕಾಲದಲ್ಲಿ ಈ ಊರಿನವರು ತಮ್ಮದೇ ಸರ್ಕಾರವನ್ನು ಘೋಷಿಸಿಕೊಂಡು, ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಹಾರಿಸಿ, ಊರಿನ ಇಬ್ಬರು ಹುಡುಗರನ್ನೇ ಅಮಲ್ದಾರ ಮತ್ತು ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದ್ದರು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. ಆಮೇಲೆ ಊರಿನ ಮೇಲೆ ಎರಗಿದ ಪೊಲೀಸ್ ಬಲಕ್ಕೆ ಹೆದರಿ ಜನ ಕಾಡು ಸೇರಿದರು, ಹೆಂಗಸರೂ ಜೈಲು ಕಂಡರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಅಂದಿನಿಂದ ಉಳಿದು ಬಂದಿದೆ.

ಇಲ್ಲಿ ದಿನಾಂಕದ ಬಗ್ಗೆ ಒಂದು ಎಚ್ಚರಿಕೆ ಬೇಕು. ಗಲ್ಲು ನಡೆದದ್ದು ಒಂದೇ ದಿನವಲ್ಲ. 1943ರ ಮಾರ್ಚ್ 8, 9 ಮತ್ತು 10ರ ಮೂರು ದಿನಗಳಲ್ಲಿ. ಐವರನ್ನೂ ಮಾರ್ಚ್ 8ರ ಸಾಲಿಗೆ ಸೇರಿಸಿ ಕೈತೊಳೆದುಕೊಂಡರೆ ಆ ಜೈಲಿನೊಳಗೆ ತಮ್ಮ ಸರದಿಗಾಗಿ ಕಾದವರ ಎರಡು ರಾತ್ರಿಗಳನ್ನು ಅಳಿಸಿದಂತಾಗುತ್ತದೆ. ಆದ್ದರಿಂದ ಹಲವು ದಿನ ನಡೆದ ಘಟನೆಯನ್ನು ಆರಂಭದ ದಿನದ ಪುಟದಲ್ಲಿ ವಿವರವಾಗಿ ಬರೆದು, ಉಳಿದ ದಿನಗಳ ಪುಟಗಳಲ್ಲಿಯೂ ಒಂದೊಂದು ಸಾಲು ಈಗಲೇ ಬರೆದಿಡಬೇಕು.

ಯಾವ ಕ್ಯಾಲೆಂಡರಿನ ಮಾರ್ಚ್ 8?

ಊರಿನ ಕೆಲಸ ಮುಗಿಸಿ ಹೊರಗಿನ ಸಾಲುಗಳಿಗೆ ಬಂದಾಗ ಪ್ರತಿ ದಿನಾಂಕಕ್ಕೂ ಕೇಳಬೇಕಾದ ಪ್ರಶ್ನೆ ಇದು. 1917ರ ಮಾರ್ಚ್ 8ರಂದು ರಷ್ಯಾದ ರಾಜಧಾನಿ ಪೆಟ್ರೊಗ್ರಾಡಿನಲ್ಲಿ ಬಟ್ಟೆ ಗಿರಣಿಗಳ ಹೆಣ್ಣಾಳುಗಳು ರೊಟ್ಟಿಗಾಗಿ ಬೀದಿಗಿಳಿದರು, ಒಂದು ವಾರದೊಳಗೆ ಝಾರ್ ಎರಡನೇ ನಿಕೊಲಸ್ ಸಿಂಹಾಸನ ತೊರೆದ. ಇತಿಹಾಸದ ಪುಸ್ತಕಗಳು ಇದನ್ನು ‘ಫೆಬ್ರವರಿ ಕ್ರಾಂತಿ’ ಎನ್ನುತ್ತವೆ. ಮಾರ್ಚ್‌ನಲ್ಲಿ ನಡೆದದ್ದಕ್ಕೆ ಫೆಬ್ರವರಿಯ ಹೆಸರೇಕೆ ಎಂದು ಏಳನೇ ತರಗತಿಯ ಮಗು ಕೇಳಿದರೆ ಉತ್ತರ ಸಿದ್ಧವಿರಬೇಕು: ರಷ್ಯಾ ಆಗಿನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಬಳಸುತ್ತಿದ್ದು, ಅದು 13 ದಿನ ಹಿಂದೆ ಬಿದ್ದಿದ್ದರಿಂದ, ಅಲ್ಲಿನವರಿಗೆ ಅದು ಫೆಬ್ರವರಿ 23 ಆಗಿತ್ತು.

ಇಟಲಿ, ಸ್ಪೇನ್ ಮೊದಲಾದ ದೇಶಗಳು 1582ರ ಅಕ್ಟೋಬರ್ 4ರ ಮರುದಿನವನ್ನೇ ಅಕ್ಟೋಬರ್ 15 ಎಂದು ಎಣಿಸಿ ಹೊಸ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದವು. ಬ್ರಿಟನ್ ಮತ್ತು ಅದರ ವಸಾಹತುಗಳು 1752ರ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಕರೆದವು, ರಷ್ಯಾ 1918ರವರೆಗೆ ಕಾಯಿತು. ಇಷ್ಟನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಇಂಗ್ಲೆಂಡಿನ ರಾಣಿ ಆ್ಯನ್ ಪಟ್ಟಕ್ಕೆ ಬಂದದ್ದು 1702ರ ಮಾರ್ಚ್ 8 ಎಂದು ಪಟ್ಟಿಗಳಲ್ಲಿ ಇರುತ್ತದೆ. ಅದು ಹಳೆಯ ಲೆಕ್ಕ, ಹೊಸ ಲೆಕ್ಕದಲ್ಲಿ ಮಾರ್ಚ್ 19. ಅಲ್ಲಿ ಆಗ ಹೊಸ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿದ್ದುದರಿಂದ ಆ ಕಾಲದ ಕಾಗದಪತ್ರಗಳಲ್ಲಿ ಇಸವಿಯೂ 1701 ಎಂದೇ ಇರುತ್ತದೆ. ಇಂಥ ಸಾಲನ್ನು ನಾನಾದರೆ ಕೈಬಿಡುತ್ತೇನೆ. ವಿವರಣೆಗೆ ಬೇಕಾಗುವ ಜಾಗ ವಿಷಯದ ತೂಕಕ್ಕಿಂತ ಹೆಚ್ಚು.

ಕ್ಯಾಲೆಂಡರ್ ಸರಿಯಿದ್ದರೂ ಗಡಿಯಾರ ಕೈಕೊಡುವುದುಂಟು. 239 ಜನರನ್ನು ಹೊತ್ತು ಕಾಣೆಯಾದ ಮಲೇಷ್ಯಾದ ಎಂಎಚ್ 370 ವಿಮಾನ ಕ್ವಾಲಾಲಂಪುರದಿಂದ ಹಾರಿದ್ದು 2014ರ ಮಾರ್ಚ್ 8ರ ನಡುರಾತ್ರಿ ಕಳೆದು 42 ನಿಮಿಷಕ್ಕೆ. ಆ ಕ್ಷಣ ತೀರ್ಥಹಳ್ಳಿಯ ಗೋಡೆ ಗಡಿಯಾರದಲ್ಲಿ ಮಾರ್ಚ್ 7ರ ರಾತ್ರಿ 10 ಗಂಟೆ 12 ನಿಮಿಷ. ಘಟನೆ ನಡೆದ ಸ್ಥಳದ ದಿನಾಂಕವನ್ನೇ ಬಳಸುವುದು ರೂಢಿ.

ಕೆಲವೊಮ್ಮೆ ತೊಡಕು ಘಟನೆಯ ಒಳಗೇ ಇರುತ್ತದೆ. ಗ್ರಹವೊಂದು ಸೂರ್ಯನನ್ನು ಸುತ್ತುವ ಅವಧಿಯ ವರ್ಗವು ಅದರ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮ ಯೊಹಾನೆಸ್ ಕೆಪ್ಲರನಿಗೆ ಹೊಳೆದದ್ದು 1618ರ ಮಾರ್ಚ್ 8ರಂದು. ಲೆಕ್ಕದಲ್ಲಿ ಎಡವಿದ್ದರಿಂದ ಅವನು ಅದನ್ನು ತಪ್ಪೆಂದು ತಳ್ಳಿಹಾಕಿದ. ಮೇ 15ರಂದು ಮತ್ತೆ ಕೈಗೆತ್ತಿಕೊಂಡು ಸರಿಯೆಂದು ಕಂಡುಕೊಂಡ. ಎರಡೂ ದಿನಾಂಕಗಳನ್ನು ಸ್ವತಃ ಅವನೇ ಬರೆದಿಟ್ಟಿದ್ದಾನೆ. ‘ಕಂಡುಹಿಡಿದ ದಿನ’ ಎಂದು ಒಂದನ್ನೇ ಬರೆಯುವುದಕ್ಕಿಂತ, ಕೈಗೆ ಬಂದದ್ದನ್ನು ಎರಡು ತಿಂಗಳು ಬಿಟ್ಟುಕೊಟ್ಟ ಈ ಕಥೆಯನ್ನು ಹೇಳಿದರೆ ಗಣಿತದ ಪರೀಕ್ಷೆಗೆ ಹೊರಟ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ.

ತಿಥಿ, ಶಾಸನ ಮತ್ತು ದಾಖಲಾತಿ ಪುಸ್ತಕ

ನಮ್ಮಲ್ಲಿ ದಿನವನ್ನು ಗುರುತಿಸುವ ಹಳೆಯ ಕ್ರಮ ತಿಥಿಯದು. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯ ಜಯಂತಿ ದವನದ ಹುಣ್ಣಿಮೆಗೆ ಬರುತ್ತದೆ. ಇಂಗ್ಲಿಷ್ ತಾರೀಖಿನಲ್ಲಿ ಅದು ಪ್ರತಿ ವರ್ಷ ಜಾರುತ್ತದೆ. ಇಂಥವುಗಳಿಗೆ 366 ಪುಟಗಳ ಆಚೆ ಬೇರೆ ಹಾಳೆಗಳನ್ನಿಟ್ಟು, ಯುಗಾದಿಯಂದು ಹೊಸ ಪಂಚಾಂಗ ಬಂದೊಡನೆ ಆ ವರ್ಷದ ತಾರೀಖನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. 2024ರಲ್ಲಿ ಮಹಾಶಿವರಾತ್ರಿ ಮಾರ್ಚ್ 8ಕ್ಕೇ ಬಂದಿತ್ತು. ಅದನ್ನು ನೋಡಿ ಶಾಶ್ವತ ಪಟ್ಟಿಗೆ ಸೇರಿಸಿಕೊಂಡವರು ಮರುವರ್ಷ ನಗೆಪಾಟಲಾಗುತ್ತಾರೆ.

ಶಾಸನಗಳ ವಿಷಯ ಇನ್ನೂ ಸೂಕ್ಷ್ಮ. ಬಳ್ಳಿಗಾವಿಯಂಥ ಊರಿನ ಕಲ್ಲುಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳು ಇರುತ್ತವೆ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ, ಪುಷ್ಯ ಮಾಸದ ನಂತರದ ತಿಥಿಗಳಿಗೆ ಹಲವು ಬಾರಿ 79 ಕೂಡಿಸಬೇಕಾಗುತ್ತದೆ. ಆದರೆ ತಿಥಿಯನ್ನು ತಾರೀಖಾಗಿ ಬದಲಿಸಲು ಪರಿಣತರ ಕೋಷ್ಟಕಗಳೇ ಬೇಕು. ನಮ್ಮ ಜಿಲ್ಲೆಯ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೇ ಸಂಪುಟಗಳಲ್ಲಿವೆ. ಅಲ್ಲಿ ಇಸವಿ ಮಾತ್ರ ಕೊಟ್ಟಿದ್ದರೆ ನಾವೂ ಇಸವಿಯನ್ನಷ್ಟೇ ಬರೆದು ನಿಲ್ಲಿಸಬೇಕು.

ಹುಟ್ಟಿದ ದಿನಗಳಲ್ಲೂ ಇಂಥದೊಂದು ಗುಟ್ಟಿದೆ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಮಗುವಿನ ವಯಸ್ಸು ಹೊಂದುವಂತೆ ಒಂದು ತಾರೀಖು ಬರೆದುಕೊಳ್ಳುವುದಿತ್ತು. ಅರ್ಧ ಊರಿಗೇ ಜೂನ್ 1 ಹುಟ್ಟುಹಬ್ಬವಾಗಿರುವುದು ಹೀಗೆ. ಊರಿನ ಹಿರಿಯರೊಬ್ಬರನ್ನು ಹಲಗೆಗೆ ಸೇರಿಸುವ ಮುನ್ನ ಅವರ ಮನೆಗೆ ಹೋಗಿ, ದಾಖಲಾತಿಯ ದಿನ ಯಾವುದು, ಮನೆಯವರು ನೆನಪಿಟ್ಟುಕೊಂಡ ದಿನ ಯಾವುದು ಎಂದು ಕೇಳಿ ಬರುವುದು ಕ್ಷೇಮ.

ಚೆನ್ನಾಗಿ ಕೇಳಿಸುವ ಸುಳ್ಳು

ಮಾರ್ಚ್ 8 ಅಂತರರಾಷ್ಟ್ರೀಯ ಮಹಿಳಾ ದಿನ. 1857ರ ಈ ದಿನ ನ್ಯೂಯಾರ್ಕಿನ ಸಿದ್ಧ ಉಡುಪು ಕಾರ್ಖಾನೆಗಳ ಮಹಿಳೆಯರು ಮೆರವಣಿಗೆ ಹೊರಟರು, ಪೊಲೀಸರು ಚದುರಿಸಿದರು, ಅದರ ನೆನಪಿಗೆ ಈ ಆಚರಣೆ ಎಂದು ಅನೇಕ ಪಟ್ಟಿಗಳು ಹೇಳುತ್ತವೆ. ಆ ಕಾಲದ ದಾಖಲೆಗಳನ್ನು ಹುಡುಕಿದ ಸಂಶೋಧಕರಿಗೆ ಅಂಥ ಮೆರವಣಿಗೆಯ ಸುಳಿವೇ ಸಿಗಲಿಲ್ಲ. ಆ ಕಥೆ ಸುಮಾರು ನೂರು ವರ್ಷಗಳ ನಂತರ, 1950ರ ದಶಕದಲ್ಲಿ ಹುಟ್ಟಿಕೊಂಡದ್ದು. ಇಂಥ ಆಚರಣೆಯೊಂದು ಬೇಕೆಂಬ ಪ್ರಸ್ತಾವವನ್ನು ಕ್ಲಾರಾ ಜೆಟ್ಕಿನ್ ಮತ್ತು ಅವರ ಸಂಗಾತಿಗಳು 1910ರ ಕೋಪನ್‌ಹೇಗನ್ ಸಮ್ಮೇಳನದಲ್ಲಿ ಮುಂದಿಟ್ಟರು. ಮರುವರ್ಷ ಜರ್ಮನಿ, ಆಸ್ಟ್ರಿಯಾ, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಅದು ಮಾರ್ಚ್ 19ರಂದು ನಡೆಯಿತು. ಮಾರ್ಚ್ 8 ಗಟ್ಟಿಯಾಗಿ ನೆಲೆಯೂರಿದ್ದು ಪೆಟ್ರೊಗ್ರಾಡಿನ ಆ ರೊಟ್ಟಿಯ ಹೋರಾಟದಿಂದಲೇ. ವಿಶ್ವಸಂಸ್ಥೆ ಇದನ್ನು ಆಚರಿಸಲು ತೊಡಗಿದ್ದು 1975ರಲ್ಲಿ.

ಹತ್ತು ಪಟ್ಟಿಗಳಲ್ಲಿ ಒಂದೇ ಸಾಲು ಕಂಡರೆ ಹತ್ತು ಸಾಕ್ಷಿ ಸಿಕ್ಕಂತಲ್ಲ, ಒಂದರಿಂದ ಒಂಬತ್ತು ನಕಲಾಗಿರಬಹುದು. ಆದ್ದರಿಂದ ಒಂದು ಸಾಲಿಗೆ ಎರಡು ಬೇರೆ ಬಗೆಯ ಆಧಾರಗಳು ಬೇಕೆಂದು ನಿಯಮ ಮಾಡಿಕೊಳ್ಳಬೇಕು. ಈಸೂರಿನ ಸಾಲಿಗಾದರೆ ಜಿಲ್ಲಾ ಗ್ಯಾಸೆಟಿಯರ್ ಒಂದು, ಊರಿನಲ್ಲೇ ಇರುವ ಹುತಾತ್ಮರ ಸ್ಮಾರಕ ಇನ್ನೊಂದು. ಶಿವಮೊಗ್ಗ ಪೇಟೆಯವರಿಗೆ ಜಿಲ್ಲಾ ಕೇಂದ್ರ ಗ್ರಂಥಾಲಯವೂ, 1930ರಿಂದ ನಡೆದುಬಂದಿರುವ ಕರ್ನಾಟಕ ಸಂಘವೂ ಹತ್ತಿರದಲ್ಲೇ ಇವೆ.

ಆಯ್ಕೆ ಮತ್ತು ಬರವಣಿಗೆ

ಈ ಹೊತ್ತಿಗೆ ಪುಟದಲ್ಲಿ ಹದಿನೈದು ಸಾಲುಗಳಾದರೂ ಇರುತ್ತವೆ. ಕವಿ ಸಾಹಿರ್ ಲುಧಿಯಾನ್ವಿ 1921ರ ಮಾರ್ಚ್ 8ರಂದು ಹುಟ್ಟಿದರು. 1948ರ ಮಾರ್ಚ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆ ಸ್ಥಾಪನೆಯಾಯಿತು. ಎರಡೂ ಒಳ್ಳೆಯ ಸಾಲುಗಳೇ, ಮುಂದಿನ ವರ್ಷಕ್ಕೆ ಇರಲಿ. ಒಂದು ವರ್ಷದ ಹಲಗೆಗೆ ಒಂದರ ಕೈ ಒಂದು ಹಿಡಿದುಕೊಳ್ಳುವ ಸಾಲುಗಳನ್ನು ಆರಿಸಬೇಕು. ಹರ್ಮನ್‌ಪ್ರೀತ್ ಕೌರ್ ಪಂಜಾಬಿನ ಮೋಗಾದಲ್ಲಿ ಹುಟ್ಟಿದ್ದು 1989ರ ಮಹಿಳಾ ದಿನದಂದು. 2020ರ ತಮ್ಮ ಹುಟ್ಟುಹಬ್ಬದಂದೇ ಅವರು ಮೆಲ್ಬರ್ನ್‌ನಲ್ಲಿ 86,174 ಪ್ರೇಕ್ಷಕರ ಎದುರು ಟಿ20 ವಿಶ್ವಕಪ್ ಫೈನಲ್ ಆಡಿಸಿ, ಆಸ್ಟ್ರೇಲಿಯಾಕ್ಕೆ 85 ರನ್ನುಗಳಿಂದ ಸೋತರು. ರಸಾಯನ ವಿಜ್ಞಾನಿ ಒಟ್ಟೊ ಹಾನ್ ಹುಟ್ಟಿದ್ದೂ ಮಾರ್ಚ್ 8ರಂದೇ, 1879ರಲ್ಲಿ. ಪರಮಾಣು ಬೀಜದ ವಿದಳನಕ್ಕಾಗಿ 1944ರ ನೊಬೆಲ್ ಅವರೊಬ್ಬರಿಗೇ ಸಂದಿತು; ಮೂವತ್ತು ವರ್ಷ ಅವರೊಡನೆ ದುಡಿದು, ಆ ವಿದಳನ ಏಕೆ ಆಗುತ್ತದೆಂದು ಓಟೊ ಫ್ರಿಶ್ ಜೊತೆ ವಿವರಿಸಿದ ಲೀಸ್ ಮೈಟ್ನರ್‌ಗೆ ಪಾಲು ಸಿಗಲಿಲ್ಲ. ಮಹಿಳಾ ದಿನದ ಹಲಗೆಯಲ್ಲಿ ಹಾನ್ ಅವರ ಹೆಸರನ್ನು ಈ ಕಾರಣಕ್ಕಾಗಿಯೇ ಬರೆಯಬಹುದು.

ಕೆಳದಿಯ ಚೆನ್ನಮ್ಮನಿಗೆ ಇಲ್ಲಿ ಜಾಗವಿಲ್ಲವೇ ಎಂಬ ಪ್ರಶ್ನೆ ಮಲೆನಾಡಿನಲ್ಲಿ ಖಂಡಿತ ಬರುತ್ತದೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಆಕೆಯ ಹೆಸರಿಗಾಗಿ ಈ ದಿನಕ್ಕೆ ಒಂದು ಘಟನೆಯನ್ನು ಹೊಂದಿಸಿಕೊಳ್ಳಬಾರದು. ‘ದಿನಾಂಕದ ಆಚೆ’ ಎಂದು ಹಲಗೆಯ ಮೂಲೆಯಲ್ಲಿ ಒಂದು ಚೌಕ ಹಾಕಿ ಅಲ್ಲಿ ಬರೆದರೆ ಯಾರಿಗೂ ಅನ್ಯಾಯವಾಗದು.

ಬರೆಯುವಾಗ ಇಸವಿ, ಸ್ಥಳ, ಆದದ್ದು ಏನು ಎಂಬ ಮೂರೂ ಒಂದೇ ವಾಕ್ಯದಲ್ಲಿ ಬರಲಿ. ವರ್ಷದ ಲೆಕ್ಕದಲ್ಲಿ ಅನುಭವಸ್ಥರೂ ಎಡವುತ್ತಾರೆ: 1935ರ ಮಾರ್ಚ್ 8ರಂದು ಹುಟ್ಟಿದವರ ನೂರನೆಯ ವರ್ಷ ಆರಂಭವಾಗುವುದು 2034ರ ಮಾರ್ಚ್ 8ರಂದು, ನೂರು ತುಂಬುವುದು 2035ರಲ್ಲಿ. ಯಾವುದನ್ನು ಹೇಳುತ್ತಿದ್ದೇವೆ ಎಂಬುದು ವಾಕ್ಯದಲ್ಲೇ ತಿಳಿಯಬೇಕು. ‘ಪುಣ್ಯತಿಥಿ’ ಎಂಬ ಪದವನ್ನು ಇಂಗ್ಲಿಷ್ ತಾರೀಖಿನ ಜೊತೆ ಬಳಸುವುದು ನನಗಂತೂ ಒಗ್ಗುವುದಿಲ್ಲ. ‘ನಿಧನರಾದ ದಿನ’ ಎಂದರೆ ಸಾಕು.

ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ, ಎರಡು ನಿಮಿಷ ಮೀರಿದರೆ ಒಂದು ಸಾಲನ್ನು ತೆಗೆಯಬೇಕು. ಓದುವ ಮಗುವಿಗೆ ಪೆಟ್ರೊಗ್ರಾಡ್, ಮೈಟ್ನರ್ ಎಂಬ ಹೆಸರುಗಳನ್ನು ಹಿಂದಿನ ದಿನವೇ ಹೇಳಿಸಿ ಅಭ್ಯಾಸ ಮಾಡಿಸುವುದು ಲೇಸು. ಸಂಜೆ ಹಲಗೆ ಒರೆಸುವ ಮುನ್ನ, ಆ ವರ್ಷ ಯಾವ ಸಾಲುಗಳನ್ನು ಬಳಸಲಾಯಿತು, ಯಾರಾದರೂ ಬಂದು ಏನನ್ನು ತಿದ್ದಿದರು ಎಂಬುದನ್ನು ಇಸವಿಯ ಸಮೇತ ಪುಟದ ಅಂಚಿನಲ್ಲಿ ಗುರುತು ಹಾಕಿ, ನೋಟ್‌ಬುಕ್ಕಿನ ಮುಂದಿನ ಹಾಳೆ ತಿರುವಬೇಕು. ಮಾರ್ಚ್ 9ರ ಪುಟದಲ್ಲಿ ಈಸೂರಿನ ಸಾಲು ಆಗಲೇ ಬರೆದಿರುತ್ತದೆ.